ವಿಎಚ್‌ಡಿ ಫೂಟರಿನ ಎರಡು ಅಳತೆಗಳು: ಒಂದು ಪಾಠಾಂತರದ ವಿಚಾರ

ವಿಎಚ್‌ಡಿ ಕಡತದ ಕೊನೆಯ 512 ಬೈಟ್‌ಗಳ ಫೂಟರಿನಲ್ಲಿ ಡಿಸ್ಕಿನ ಅಳತೆ ಎರಡು ಕಡೆ ದಾಖಲಾಗಿದೆ. 48ನೆಯ ಬೈಟಿನಿಂದ ‘ಈಗಿನ ಗಾತ್ರ’. 56ನೆಯದರಿಂದ ಸಿಲಿಂಡರ್, ಹೆಡ್, ಸೆಕ್ಟರ್‌ಗಳ ಲೆಕ್ಕ. ಎಷ್ಟೋ ಸಲ ಇವೆರಡೂ ತಾಳೆ ಬೀಳುವುದಿಲ್ಲ. ಒಂದು ಹೈಪರ್‌ವೈಸರಿನಿಂದ ಇನ್ನೊಂದಕ್ಕೆ ವರ್ಚುವಲ್ ಮಷಿನ್ ಸಾಗಿಸುವಾಗ ಯಾವುದನ್ನು ನಂಬಬೇಕೆಂಬುದು ಹಳೆಯ ತಕರಾರು. ಮೈಕ್ರೋಸಾಫ್ಟ್ ಪ್ರಕಟಿಸಿದ ವಿವರಣೆಯ ಪ್ರಕಾರ ಮಷಿನ್‌ಗೆ ಕಾಣುವುದು ‘ಈಗಿನ ಗಾತ್ರ’. ಅಲ್ಲಿಗೆ ಮಾತು ಮುಗಿಯಿತು, ಸಿಲಿಂಡರ್ ಲೆಕ್ಕ ಬರೀ ಪಳೆಯುಳಿಕೆ ಎನ್ನುವವರು ವಿವರಣೆಯನ್ನು ಓದಿದ್ದಾರೆ, ಕಡತಗಳನ್ನು ಓದಿಲ್ಲ.

ಸರಿಯಾಗಿ 10 ಜಿಬಿ ಡಿಸ್ಕನ್ನೇ ನೋಡಬಹುದು. ಅದರಲ್ಲಿ 2,09,71,520 ಸೆಕ್ಟರ್‌ಗಳಿವೆ. ಅದೇ ವಿವರಣೆಯ ಸೂತ್ರ ಹಚ್ಚಿದರೆ 20,805 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಬರುತ್ತದೆ, ಗುಣಿಸಿದರೆ 2,09,71,440. ಭಾಗಾಕಾರದ ಶೇಷ ಕೈಬಿಟ್ಟದ್ದರಿಂದ 80 ಸೆಕ್ಟರ್ ಕಡಿಮೆ. ನಲವತ್ತು ಕೆಬಿ ತಾನೇ ಎನ್ನುವಂತಿಲ್ಲ. ಜಿಪಿಟಿ ವಿಭಜನೆಯ ಮೀಸಲು ಪ್ರತಿ ಇರುವುದೇ ಡಿಸ್ಕಿನ ತುದಿಯ 33 ಸೆಕ್ಟರ್‌ಗಳಲ್ಲಿ. ಹೈಪರ್-ವಿ ಬರೆದ ಕಡತವನ್ನು ಸಿಲಿಂಡರ್ ಲೆಕ್ಕದಲ್ಲಿ ಓದಿ ಪರಿವರ್ತಿಸಿದರೆ ಆ ಪ್ರತಿ ಪೂರ್ತಿ ಕತ್ತರಿಸಿಹೋಗುತ್ತದೆ. ಬರೆಯುವಾಗಿನ ತಪ್ಪು ಇದರ ತಿರುಗುಮುರುಗು. ಎರಡು ಲೆಕ್ಕವೂ ಹೊಂದಲೆಂದು ಕ್ಯೂಎಮು ಸಿಲಿಂಡರನ್ನು 20,806ಕ್ಕೆ ಏರಿಸುತ್ತದೆ, ಡಿಸ್ಕ್ 928 ಸೆಕ್ಟರ್ ಬೆಳೆಯುತ್ತದೆ. ಗಾತ್ರ ಇಡೀ ಎಂಬಿಗಳಲ್ಲೇ ಇರಬೇಕೆನ್ನುವ ಅಜೂರ್‌ಗೆ ಅಂಥ ಕಡತ ಒಗ್ಗುವುದಿಲ್ಲ.

ತಕರಾರಿನ ಬೇರು ಕಡತದ ಹುಟ್ಟಿನಲ್ಲಿದೆ. ವಿಎಚ್‌ಡಿ ಕನೆಕ್ಟಿಕ್ಸ್ ಕಂಪನಿಯ ವರ್ಚುವಲ್ ಪಿಸಿಯ ಕೂಸು. ಮೈಕ್ರೋಸಾಫ್ಟ್ ಅದನ್ನು ಕೊಂಡದ್ದು 2003ರಲ್ಲಿ. ಫೂಟರಿನ ಮೊದಲ ಎಂಟು ಬೈಟ್‌ಗಳಲ್ಲಿ ಇಂದಿಗೂ ಆ ಕಂಪನಿಯ ಹೆಸರೇ ಇದೆ, ‘ಎನ್’ ಒಂದು ಉದುರಿದೆ ಅಷ್ಟೆ. ಇದನ್ನು ಬರಹದ ದೋಷವೆಂದು ನಗುವುದು ಅವಸರ: ಹೆಸರಿನಲ್ಲಿ ಒಂಬತ್ತು ಅಕ್ಷರ, ಜಾಗ ಎಂಟಕ್ಕೆ. ಅದಕ್ಕಿಂತ ದೊಡ್ಡ ತಪ್ಪೆಂದರೆ ಈ ಮುದ್ರೆಯನ್ನೇ ಕಡತದ ಕರ್ತೃವೆಂದು ಹಿಡಿಯುವುದು. ಹೈಪರ್-ವಿ, ಜೆನ್‌ಸರ್ವರ್ ಎಲ್ಲವೂ ಅದನ್ನೇ ಒತ್ತುತ್ತವೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಬರೆದುಕೊಳ್ಳುವ ಹೆಸರಿಗೆ ಸಮನಾದದ್ದು ಇಲ್ಲಿ 28ನೆಯ ಬೈಟಿನಿಂದ ಬರುವ ನಾಲ್ಕು ಅಕ್ಷರ. ಅಲ್ಲಿ ‘ವಿಪಿಸಿ’ ಎಂದಿದ್ದರೆ ಬರೆದದ್ದು ವರ್ಚುವಲ್ ಪಿಸಿ. ಅದು ಮಷಿನ್‌ಗೆ ತೋರಿಸುತ್ತಿದ್ದುದು ಸಿಲಿಂಡರ್ ಲೆಕ್ಕದ ಡಿಸ್ಕನ್ನೇ. ‘ವಿನ್’ ಎಂದಿದ್ದರೆ ಹೈಪರ್-ವಿ. ಆಗ ‘ಈಗಿನ ಗಾತ್ರ’ವೇ ಪ್ರಮಾಣ. ಒಂದೇ ಪದಕ್ಕೆ ಇಬ್ಬರು ಲಿಪಿಕಾರರಲ್ಲಿ ಎರಡು ಅರ್ಥವಿದ್ದಾಗ ನಿಘಂಟು ತೋರಿಸಿ ವಾದಿಸಿ ಫಲವಿಲ್ಲ.

ಬರೆದವರು ಯಾರೆಂದು ನೋಡಿ ಲೆಕ್ಕ ಆರಿಸುವ ಈ ದಾರಿಯನ್ನೇ 2016ರ ಕ್ಯೂಎಮು 2.6 ಹಿಡಿಯಿತು. ತನ್ನ ಹಳೆಯ ಕಡತಗಳಿಗೂ ಗಾತ್ರವನ್ನು ಇದ್ದಂತೆ ಉಳಿಸುವ ಹೊಸ ಬಗೆಗೂ ಬೇರೆ ಬೇರೆ ಗುರುತು ಬೇಕಾಗಿ, ‘ಕ್ಯೂಇಎಂಯು’ ಜೊತೆಗೆ ‘ಕ್ಯೂಇಎಂ2’ ಕೂಡ ಬಳಕೆಗೆ ಬಂತು. ಗುರುತು ನಾಲ್ಕೇ ಅಕ್ಷರ, ಯಾರು ಬೇಕಾದರೂ ಬರೆಯಬಹುದು. ಅದನ್ನು ಬದಿಗಿಟ್ಟು ಓದುವ ಆಯ್ಕೆ ಉಳಿಸಿಕೊಂಡದ್ದು ವಿವೇಕವೇ. ಸುಮಾರು 127 ಜಿಬಿ ದಾಟಿದ ಮೇಲೆ ಸಿಲಿಂಡರ್ ಲೆಕ್ಕಕ್ಕೆ ಸಂಖ್ಯೆಯೇ ಸಾಲದು, ಅಲ್ಲಿ ಎರಡೂ ಪಕ್ಷಕ್ಕೆ ಒಪ್ಪಿಗೆ. ವಿಂಡೋಸ್ ಸರ್ವರ್ 2012ರೊಂದಿಗೆ ಬಂದ ವಿಎಚ್‌ಡಿಎಕ್ಸ್‌ನಲ್ಲಿ ಆ ಲೆಕ್ಕವನ್ನೇ ತೆಗೆದುಹಾಕಲಾಗಿದೆ. ಆದರೂ ಅಜೂರ್ ಕೇಳುವುದು ಹಳೆಯ ವಿಎಚ್‌ಡಿಯನ್ನೇ.