ಎಲ್ಲೂ ಇಲ್ಲದ ಊರು ಮತ್ತು ನಮ್ಮ ಹಂಪೆ



ಜೂನ್ 22ರಂದು ಧರ್ಮಸಭೆಯು ಸಂತ ಜಾನ್ ಫಿಷರ್ ಹಾಗೂ ಸಂತ ಥಾಮಸ್ ಮೋರ್ ಅವರನ್ನು ಸ್ಮರಿಸುತ್ತದೆ. ಅರಸನ ಇಚ್ಛೆಗಿಂತ ಮನಸ್ಸಾಕ್ಷಿಯೇ ದೊಡ್ಡದೆಂದು 1535ರಲ್ಲಿ ಕೊಡಲಿಗೆ ತಲೆಯೊಡ್ಡಿದ ಮೋರ್ ಅವರನ್ನು 2000ದಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್‌ರವರು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು. 1516ರಲ್ಲಿ 'ಯುಟೋಪಿಯ' ಎಂಬ ಪುಸ್ತಕ ಬರೆದವರೂ ಇವರೇ. ಆ ಗ್ರೀಕ್ ಹೆಸರಿನ ಅರ್ಥ 'ಎಲ್ಲೂ ಇಲ್ಲದ ಊರು'. ಅಲ್ಲಿ ಯಾರಿಗೂ ಸ್ವಂತ ಆಸ್ತಿಯಿಲ್ಲ. ದಿನಕ್ಕೆ ಆರು ಗಂಟೆ ದುಡಿಮೆ, ಊಟ ಎಲ್ಲರೂ ಒಟ್ಟಿಗೆ. ಚಿನ್ನದಲ್ಲಿ ಮೂತ್ರದ ಪಾತ್ರೆ ಮಾಡುತ್ತಾರೆ, ರತ್ನಗಳು ಮಕ್ಕಳ ಆಟಿಕೆ.

ಈ ದ್ವೀಪದ ಕಥೆ ಹೇಳುವವನು ರಾಫೆಲ್ ಎಂಬ ಪೋರ್ಚುಗೀಸ್ ನಾವಿಕ. ಊರಿಗೆ ಮರಳುವಾಗ ಅವನು ಕಲ್ಲಿಕೋಟೆಗೆ ಬಂದು ಅಲ್ಲಿ ಹಡಗು ಹಿಡಿದನಂತೆ. ಅವನು ಕಲ್ಪನೆಯ ಮನುಷ್ಯ. ಆದರೆ ಅದೇ ವರ್ಷಗಳಲ್ಲಿ ನಿಜವಾದ ಪೋರ್ಚುಗೀಸರು ಘಟ್ಟ ಹತ್ತಿ ನಮ್ಮ ಹಂಪೆಗೇ ಬಂದರು, ಕಂಡದ್ದನ್ನು ಬರೆದಿಟ್ಟರು.

ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದ ಕಾಲವೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿ ನೋಡಿದ ಡೊಮಿಂಗೊ ಪೇಸ್ ಕೂಡ ಪೇಟೆಯ ವಜ್ರ, ಮಾಣಿಕ್ಯ, ಮುತ್ತುಗಳನ್ನು ವರ್ಣಿಸುತ್ತಾನೆ. ನಗರ ರೋಮಿನಷ್ಟು ದೊಡ್ಡದು, ದ್ರಾಕ್ಷಿ, ದಾಳಿಂಬೆ, ಮಾವು, ಹಲಸು ಎಲ್ಲವೂ ಅಗ್ಗ ಎನ್ನುತ್ತಾನೆ. ಅವನಿಗಿಂತ ಕೆಲವು ವರ್ಷ ಮೊದಲು ಬರೆದ ಬಾರ್ಬೋಸನ ಮಾತು ಇನ್ನೂ ದೊಡ್ಡದು: ಈ ರಾಜ್ಯದಲ್ಲಿ ಕ್ರೈಸ್ತ, ಯೆಹೂದಿ, ಮುಸಲ್ಮಾನ, ಹಿಂದೂ ಯಾರೇ ಆಗಲಿ, ತಮ್ಮ ಧರ್ಮದಂತೆ ಬದುಕಬಹುದು, ಕೇಳುವವರಿಲ್ಲ.

ಇದನ್ನು ಓದುವಾಗ ಕ್ರೈಸ್ತರಾದ ನಮ್ಮ ತಲೆ ಸ್ವಲ್ಪ ತಗ್ಗಬೇಕು. 1560ರಲ್ಲಿ ಗೋವೆಯಲ್ಲಿ ಅದೇ ಪೋರ್ಚುಗೀಸರ ಆಳ್ವಿಕೆಯಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಆರಂಭವಾಯಿತು. ಅದು ಶಾಶ್ವತವಾಗಿ ಮುಚ್ಚಿದ್ದು 1812ರಲ್ಲಿ. ಮೋರ್ ಅವರೂ ಪುಸ್ತಕದಲ್ಲಿ ಬೇರೆ ಬೇರೆ ಧರ್ಮದವರನ್ನು ಒಂದೇ ಊರಿನಲ್ಲಿ ನೆಮ್ಮದಿಯಾಗಿ ಇರಿಸಿದರು, ಮುಂದೆ ಇಂಗ್ಲೆಂಡಿನ ಚಾನ್ಸಲರ್ ಆದಾಗ ಪಾಷಂಡಿಗಳನ್ನು ಸುಡುವ ಶಿಕ್ಷೆಯನ್ನು ಸಮರ್ಥಿಸಿದರು. ಸಂತರ ಜೀವನದಲ್ಲಿ ಇಂತಹ ಪುಟಗಳನ್ನು ಹಾರಿಸಿ ಓದುವುದು ನನಗೆ ಸರಿಕಾಣದು.

ಹಾಗಾದರೆ ಪರಿಪೂರ್ಣ ಸಮಾಜ ನಮ್ಮ ಹಂಪೆಯಲ್ಲೇ ಇತ್ತೇ? ಪೇಸ್ ಮುಂದೆ ಹೇಳುವುದನ್ನು ಕೇಳಿ. ಎರಡು ಬೆಟ್ಟಗಳ ನಡುವೆ ರಾಯ ದೊಡ್ಡ ಕೆರೆ ಕಟ್ಟಿಸುತ್ತಿದ್ದ. ಹೊಸಪೇಟೆಯ ದಕ್ಷಿಣಕ್ಕಿರುವ ರಾಯರ ಕೆರೆಯೇ ಅದು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಹದಿನೈದಿಪ್ಪತ್ತು ಸಾವಿರ ಆಳುಗಳು ಇರುವೆಗಳಂತೆ ದುಡಿಯುತ್ತಿದ್ದರು. ಏರಿ ಎರಡು ಮೂರು ಬಾರಿ ಒಡೆಯಿತು. ಆಗ ಬಲಿ ಬೇಕೆಂಬ ಸಲಹೆ ಬಂದು, ಅರವತ್ತು ಮನುಷ್ಯರ ತಲೆ ಕಡಿಸಲಾಯಿತೆಂದು ಪೇಸ್ ಬರೆದಿದ್ದಾನೆ. ಕೆರೆ ನಿಂತಿತು. ಕುದುರೆ ವ್ಯಾಪಾರಿ ನ್ಯೂನಿಜ್ ಹೇಳುವಂತೆ ಅದರ ನೀರು ಹರಿಯುವ ಹೊಲಗಳನ್ನು ಒಂಬತ್ತು ವರ್ಷ ಕಂದಾಯವಿಲ್ಲದೆ ಕೊಟ್ಟರು. ಆಮೇಲೆ ವರ್ಷಕ್ಕೆ 20,000 ಪರದಾವು ಹುಟ್ಟುವಳಿ ಬಂತು. ಭೂಮಿ ಹಿಡಿದ ನಾಯಕರ ದಬ್ಬಾಳಿಕೆಯಿಂದ ಬಡ ರೈತರು ಬಹಳ ಕಷ್ಟಪಡುತ್ತಾರೆಂದೂ ಅವನೇ ಬರೆದಿದ್ದಾನೆ. ಪೇಟೆಯಲ್ಲಿ ನಿಂತವನಿಗೆ ಕಂಡದ್ದು ಒಂದು, ಹೊಲದ ಬದುವಿನಲ್ಲಿ ನಿಂತವನಿಗೆ ಕಂಡದ್ದು ಇನ್ನೊಂದು!

ಇನ್ನು ಯುಟೋಪಿಯದಲ್ಲಿ? ಅಲ್ಲೂ ಗುಲಾಮರಿದ್ದಾರೆ. ಕಾಲಿಗೆ ಚಿನ್ನದ ಸರಪಳಿ, ಅಷ್ಟೇ ವ್ಯತ್ಯಾಸ. ಅಪ್ಪಣೆಯಿಲ್ಲದೆ ಎರಡನೆಯ ಬಾರಿ ಪರವೂರಿಗೆ ಹೋದವನೂ ಗುಲಾಮನೇ. ಕಲ್ಪನೆಯಲ್ಲಿ ಕಟ್ಟಿದ ಊರಿಗೂ ಹೊಲಸು ಕೆಲಸ ಮಾಡಲು ಯಾರೋ ಬೇಕಾದರು.

'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥವೂ ನಮಗೆ ಇದನ್ನು ಮುಚ್ಚಿಡುವುದಿಲ್ಲ. ಆದಿ ವಿಶ್ವಾಸಿಗಳು ಆಸ್ತಿ ಮಾರಿ ಎಲ್ಲರಿಗೂ ಹಂಚಿದರೆಂದು ಎರಡನೇ ಮತ್ತು ನಾಲ್ಕನೇ ಅಧ್ಯಾಯಗಳಲ್ಲಿದೆ. ಐದರಲ್ಲಿ ಅನನೀಯ-ಸಫೈರ ದಂಪತಿ ಹಣ ಬಚ್ಚಿಟ್ಟರು. ಆರರಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಪಾಲು ತಪ್ಪಿತು. ಆಗ ಪ್ರೇಷಿತರು ಸಮುದಾಯವನ್ನು ಕರೆದು, ಹಂಚುವ ಕೆಲಸಕ್ಕೆ ಏಳು ಮಂದಿಯನ್ನು ನೇಮಿಸಿದರು.

1565ರ ಜನವರಿಯ ಯುದ್ಧದ ನಂತರ ಹಂಪೆ ಹಾಳಾಯಿತು. ಐಶ್ವರ್ಯದ ಆಸೆ ಮಾತ್ರ ಹಾಳಾಗಲಿಲ್ಲ. ಸಂಡೂರಿನ ಕೆಂಪು ಬೆಟ್ಟಗಳನ್ನು ಅಗೆದು ಅದಿರು ಸಾಗಿಸಿದ ವರ್ಷಗಳನ್ನು ನೀವೇ ಕಂಡಿದ್ದೀರಿ. ಲಾರಿಗಳ ಧೂಳು ಯಾರ ಹೊಲದ ಮೇಲೆ ಕುಳಿತಿತು, ಹಣ ಯಾರ ಮನೆ ಸೇರಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು. ಅದರೊಂದಿಗೆ ಕೂಲಿಯವರ ಕೆಲಸವೂ ನಿಂತಿತು.

ಆದರೂ ರಾಯರ ಕಾಲದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಹೊಸಪೇಟೆ, ಕಮಲಾಪುರ, ಕಂಪ್ಲಿ ಕಡೆಯ ಬಾಳೆ, ಕಬ್ಬು, ಭತ್ತ ಆ ನೀರನ್ನು ಕುಡಿದೇ ಬೆಳೆಯುತ್ತವೆ. ಅವುಗಳ ಹೂಳನ್ನು ಮತ್ತೆ ಮತ್ತೆ ತೆಗೆಯಬೇಕು, ಒಡೆದ ಕಡೆ ಕಟ್ಟಬೇಕು. ಹಲವು ಹಳ್ಳಿಗಳನ್ನು ಮುಳುಗಿಸಿ ಕಟ್ಟಿದ ತುಂಗಭದ್ರಾ ಅಣೆಕಟ್ಟಿನದೂ ಅದೇ ಕಥೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಕೆಲಸಗಾರರು ಒಂದು ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ, ಉಳಿದ ನೀರನ್ನು ನಿಲ್ಲಿಸಿದರು.