ಲೇತಿನ ಒಡೆಯನೂ ನ್ಯಾಯದ ಬಾಗಿಲೂ

ನಮ್ಮ ದೇಶದಲ್ಲಿ ಉಚಿತ ನ್ಯಾಯಸಹಾಯದ ಚರಿತ್ರೆಯನ್ನು ಹೇಳಹೊರಟವರು ಬಹುಮಟ್ಟಿಗೆ ಸೆರೆಮನೆಯಿಂದಲೇ ಆರಂಭಿಸುವರು. ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಬಂಧನದಲ್ಲಿದ್ದ ಬಿಹಾರದ ಕೈದಿಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ನುಡಿದ ಮಾತುಗಳು ಅಷ್ಟು ಪ್ರಸಿದ್ಧವಾಗಿರುವುದರಿಂದ ಅದು ಸಹಜವೂ ಹೌದು. ಆದರೆ ಥಾಣೆಯಿಂದ ಡೊಂಬಿವಲಿ, ಕಲ್ಯಾಣಗಳವರೆಗೆ ರೈಲುದಾರಿಯ ಇಕ್ಕೆಲಗಳಲ್ಲಿಯೂ, ಖಾಡಿಯಾಚೆ ನವಿ ಮುಂಬಯಿಯಲ್ಲಿಯೂ ಹಬ್ಬಿರುವ ಕಾರ್ಖಾನೆಗಳ ಸೀಮೆಯಲ್ಲಿ ನಿಂತು ನೋಡುವವನಿಗೆ ಅದೇ ಚರಿತ್ರೆ ಬೇರೊಂದು ಮುಖವನ್ನು ತೋರುತ್ತದೆ. ಅಪರಾಧವೆಸಗದೆ, ಯಾರಲ್ಲಿಯೂ ಬೇಡದೆ, ಒಂದು ಲೇತನ್ನೋ ಒಂದು ಒಲೆಯನ್ನೋ ನಂಬಿ ಬದುಕುವ ಕಿರುಉದ್ಯಮಿಯು ಆ ಸಹಾಯದ ಹೊಸ್ತಿಲಿನವರೆಗೆ ಬಂದು ಮತ್ತೆ ಮತ್ತೆ ಹೊರಗುಳಿದನೆಂಬುದೇ ಆ ಮುಖ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶವು ಬಡವನಿಗೆ ಕೋರ್ಟು ಶುಲ್ಕವಿಲ್ಲದೆ ದಾವೆ ಹೂಡುವ ಅವಕಾಶವನ್ನಿತ್ತಿತು. ಶುಲ್ಕ ತೆರಲಾರದವನು ಬಡವನು. ಶುಲ್ಕವೇ ವಿಧಿಸಲ್ಪಡದೆಡೆಯಲ್ಲಿ, ಉಡುವ ಬಟ್ಟೆಯನ್ನೂ ದಾವೆಯ ವಸ್ತುವನ್ನೂ ಕಳೆದು ನೂರು ರೂಪಾಯಿ ಬೆಲೆಯ ಆಸ್ತಿಯಿಲ್ಲದವನು ಬಡವನು. ಅದೇ ಸಂಹಿತೆಯ 60ನೆಯ ಕಲಮು ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿಯಿಂದ ರಕ್ಷಿಸಿತ್ತು; ಆದರೆ ಸಾಲ ಕೊಟ್ಟವನು ಮುಟ್ಟಲಾಗದಿದ್ದ ಆ ಸುತ್ತಿಗೆ, ಅಡಿಗಲ್ಲುಗಳನ್ನೇ ಅವನ ಬಡತನವನ್ನು ಅಳೆಯುವಾಗ ಆಸ್ತಿಯೆಂದು ಎಣಿಸಲು ಅಡ್ಡಿಯಿರಲಿಲ್ಲ. ಜಪ್ತಿಯಾಗದ ವಸ್ತುಗಳನ್ನು ಲೆಕ್ಕದಿಂದ ಬಿಡಬೇಕೆಂಬ ವಿವೇಕವು ಸಂಹಿತೆಯೊಳಗೆ ಬಂದದ್ದು 1976ರ ತಿದ್ದುಪಡಿಯಲ್ಲಿ. ನೂರು ರೂಪಾಯಿ ಸಾವಿರವಾದದ್ದೂ ಆಗಲೇ.

ಸ್ವಾತಂತ್ರ್ಯಾನಂತರ ಮುಂಬಯಿ ಸರ್ಕಾರವು 1949ರಲ್ಲಿ ನ್ಯಾಯಮೂರ್ತಿ ಎನ್. ಎಚ್. ಭಗವತಿಯವರ ಅಧ್ಯಕ್ಷತೆಯಲ್ಲಿ ನ್ಯಾಯಸಹಾಯ ಸಮಿತಿಯೊಂದನ್ನು ನೇಮಿಸಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದುದರಿಂದ ಅದು ಥಾಣೆಗೆಷ್ಟೋ ಅಷ್ಟೇ ಕನ್ನಡನಾಡಿಗೂ ಸಂಬಂಧಿಸಿದ ಸಮಿತಿ. ತಾಲ್ಲೂಕಿನಿಂದ ಉಚ್ಚ ನ್ಯಾಯಾಲಯದವರೆಗೆ ನ್ಯಾಯಸಹಾಯದ ವ್ಯವಸ್ಥೆ ಇರಬೇಕೆಂದು ಅದು ಬಯಸಿತಾದರೂ ಬೊಕ್ಕಸ ಆ ಬಯಕೆಗೆ ಒದಗಲಿಲ್ಲ. ಅದೇ ವರ್ಷದ ಆಗಸ್ಟ್ 8ರಂದು ಕಲ್ಯಾಣದ ಹಳೆಯ ಸೈನಿಕ ಶಿಬಿರದ ನೆಲದಲ್ಲಿ, ಸಿಂಧದಿಂದ ಬಂದ ನಿರಾಶ್ರಿತರಿಗಾಗಿ, ಉಲ್ಲಾಸನಗರವೆಂಬ ಊರಿಗೆ ರಾಜಾಜಿಯವರು ಅಡಿಗಲ್ಲಿಟ್ಟರು. ಎಲ್ಲವನ್ನೂ ಕಳೆದುಕೊಂಡು ಬಂದವರು ಬ್ಯಾರಕುಗಳಲ್ಲೇ ಸಣ್ಣಪುಟ್ಟ ತಯಾರಿಕೆಗಿಳಿದರು. ಅವರ ಸರಕಿನ ಮೇಲಿನ ‘ಯು.ಎಸ್.ಎ.’ ಎಂಬ ಮುದ್ರೆಗೆ ಉಲ್ಲಾಸನಗರ ಸಿಂಧಿ ಅಸೋಸಿಯೇಷನ್ ಎಂದೇ ಅರ್ಥವೆಂಬ ಹಾಸ್ಯ ಊರೂರಿಗೂ ಹಬ್ಬಿತು. ನಗೆಯನ್ನು ಬದಿಗಿಟ್ಟು ನೋಡಿದರೆ, 1940ರಲ್ಲಿಯೇ ವ್ಯಾಪಾರಚಿಹ್ನೆಯ ಕಾಯಿದೆ ಬಂದಿದ್ದರೂ, ತನ್ನ ಹೆಸರಿಗೊಂದು ಗುರುತನ್ನು ನೋಂದಾಯಿಸಿಕೊಳ್ಳುವುದಕ್ಕೆ ಬೇಕಾದ ಸಲಹೆ ಅಂಥವನ ಕೈಗೆಟುಕುವಂತಿರಲಿಲ್ಲ.

1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕಣ್ತೆರೆಯಿತು. ಆ ದಶಕದಲ್ಲಿಯೇ ಡೊಂಬಿವಲಿಯೂ ಥಾಣೆ–ಬೇಲಾಪುರ ರಸ್ತೆಯೂ ಕಾರ್ಖಾನೆಗಳಿಂದ ತುಂಬತೊಡಗಿದವು. 1970ರಲ್ಲಿ ನಗರ ಮತ್ತು ಔದ್ಯೋಗಿಕ ಅಭಿವೃದ್ಧಿ ನಿಗಮವಾದ ಸಿಡ್ಕೋ ಹುಟ್ಟಿ ನವಿ ಮುಂಬಯಿಯನ್ನು ಕಟ್ಟಲು ತೊಡಗಿತು. ದೊಡ್ಡ ಕಾರ್ಖಾನೆಯ ನೆರಳಿನಲ್ಲಿ ‘ಗಾಳಾ’ಗಳು ಬೆಳೆದವು: ಒಂದು ಕೋಣೆ, ಒಂದು ಲೇತು, ಇಬ್ಬರು ಕೆಲಸಗಾರರು, ಜಾಬ್‌ವರ್ಕು. ಕಾರ್ಖಾನೆಗಳ ಸುತ್ತ ಹಸಿದವರಿಗೆ ಇಡ್ಲಿ–ವಡೆಯ ಹೋಟೆಲುಗಳನ್ನೂ ಕ್ಯಾಂಟೀನುಗಳನ್ನೂ ತೆರೆದವರಲ್ಲಿ ನಮ್ಮ ಕರಾವಳಿಯ ತುಳು–ಕನ್ನಡಿಗರು ಎದ್ದುಕಾಣುತ್ತಾರೆ. ಅವರ ವ್ಯವಹಾರವಾದರೂ ಕಾನೂನಿನ ತೊಡಕಿಲ್ಲದ್ದೇ? ಲೈಸೆನ್ಸು ಒಬ್ಬನ ಹೆಸರಿನಲ್ಲಿ, ದುಡಿಮೆ ಮತ್ತೊಬ್ಬನದು ಎಂಬ ‘ಕಂಡಕ್ಟಿಂಗ್’ ಪದ್ಧತಿಯಲ್ಲಿ, ಹೋಟೆಲಿಗೆ ಹೆಸರು ಬಂದ ಮೇಲೆ ಮಾಲಿಕನ ಮನಸ್ಸು ತಿರುಗಿತೆಂದರೆ, ಸರಿಯಾದ ಕರಾರಿಲ್ಲದೆ ದುಡಿದವನಿಗೆ ಉಳಿಯುವುದು ಪಾತ್ರೆಗಳು ಮಾತ್ರ. ಬೋರ್ಡಿನ ಮೇಲೆ ‘ಉಡುಪಿ’ ಎಂದು ಬರೆದ ಮಾತ್ರಕ್ಕೆ ಅದು ಅವನೊಬ್ಬನ ಸ್ವತ್ತಾಗುವುದಿಲ್ಲ, ಸ್ಥಳನಾಮವನ್ನು ಚಿಹ್ನೆಯಾಗಿ ಒಬ್ಬನಿಗೇ ಬಿಟ್ಟುಕೊಡಲು ಕಾನೂನು ಸುಲಭವಾಗಿ ಒಪ್ಪದು ಎಂಬುದನ್ನು ಅವನಿಗೆ ಮೊದಲೇ ಹೇಳುವವರು ಯಾರು?

ಹೇಳುವವರು ಯಾರಾದರೂ ಇದ್ದರೆ ಅದು ಜಾತಿಬಾಂಧವರ, ಭಾಷಾಬಾಂಧವರ ಸಂಘಗಳಲ್ಲಿಯೇ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ, ಮಂಜುನಾಥ ವಿದ್ಯಾಲಯವನ್ನು ನಡೆಸುವ ಡೊಂಬಿವಲಿಯ ಕರ್ನಾಟಕ ಸಂಘದವರೆಗೆ ಹೊರನಾಡ ಕನ್ನಡಿಗರು ಕಟ್ಟಿಕೊಂಡ ಸಂಸ್ಥೆಗಳ ಸಾಲು ದೀರ್ಘವಾದುದು. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ ಸಂಜೆ ರಾತ್ರಿಶಾಲೆಯಲ್ಲಿ ಓದಿದ ಹುಡುಗರಲ್ಲಿ ವಕೀಲರಾದವರೂ ಉಂಟು. 1906ರಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಚಿತ್ರಾಪುರ ಸಾರಸ್ವತರ ಬಡ ಕುಟುಂಬಗಳ ನೆರವಿಗಾಗಿ ಮುಂಬಯಿಯಲ್ಲಿ ಸಹಕಾರಿ ಸಂಘವನ್ನು ಸ್ಥಾಪಿಸಿದಾಗ ಅದಕ್ಕಿತ್ತದ್ದು ಉಚ್ಚ ನ್ಯಾಯಾಲಯದ ವಕೀಲರಾಗಿದ್ದ ಶಾಮರಾವ್ ವಿಠ್ಠಲ ಕೈಕಿಣಿಯವರ ಹೆಸರು. ಆದರೂ ಪರಿಚಯದ ದಾಕ್ಷಿಣ್ಯದಿಂದ ದೊರೆಯುವ ಸಲಹೆ ಪರಿಚಯವಿಲ್ಲದವನಿಗೆ ದೊರೆಯದು. ಅದು ಉಪಕಾರ, ಹಕ್ಕಲ್ಲ.

ಹಕ್ಕಿನ ಮಾತು ಬಂದದ್ದು ಸಂವಿಧಾನದ 42ನೆಯ ತಿದ್ದುಪಡಿಯು ಉಚಿತ ನ್ಯಾಯಸಹಾಯವನ್ನು ಹೇಳುವ 39–ಎ ವಿಧಿಯನ್ನು ಸೇರಿಸಿದಾಗ. ಅದಕ್ಕೆ ದೇಹ ದೊರೆತದ್ದು 1987ರಲ್ಲಿ ಅಂಗೀಕೃತವಾಗಿ 1995ರ ನವೆಂಬರ್ 9ರಿಂದ ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿ. ಅದರ 12ನೆಯ ಕಲಮಿನ ಪಟ್ಟಿಯನ್ನು ವಾಗ್ಳೆ ಎಸ್ಟೇಟಿನವನೊಬ್ಬ ಓದಿದನೆನ್ನಿ. ಕಾರ್ಖಾನೆಯ ಕಾರ್ಮಿಕನು ಆದಾಯದ ಲೆಕ್ಕವಿಲ್ಲದೆ ಅರ್ಹನು. ಸ್ತ್ರೀಯೂ ಅಂತೆಯೇ, ಪರಿಶಿಷ್ಟರೂ ಅಂಗವಿಕಲರೂ ಅಂತೆಯೇ. ಇಪ್ಪತ್ತು ವರ್ಷ ದುಡಿದ ಫಿಟ್ಟರನು ಉಳಿಸಿದ ಹಣದಿಂದ ಹಳೆಯ ಲೇತೊಂದನ್ನು ಕೊಂಡು ಗಾಳಾ ತೆರೆದನೆಂದರೆ, ಆ ಪಟ್ಟಿಯ ಬೇರೆ ಯಾವ ಸಾಲಿನಲ್ಲಿಯೂ ಬರದವನಾದರೆ, ಆ ದಿನದಿಂದ ಅವನು ಆದಾಯದ ಮಿತಿಯೊಳಗಿರುವನೆಂದು ಸಾಧಿಸಬೇಕು. ಡೊಂಬಿವಲಿಯಲ್ಲಿ ಹಪ್ಪಳ ಮಾಡಿ ಮಾರುವ ಅವನ ಹೆಂಡತಿಗೆ ಮಾತ್ರ ಆ ತೊಡಕಿಲ್ಲ.

ಹೊಸದನ್ನು ಕಂಡುಹಿಡಿದವನ ಪಾಡು ಇನ್ನೂ ಸೂಕ್ಷ್ಮವಾದುದು. ಪೇಟೆಂಟ್ ಅರ್ಜಿಗೆ ಮುನ್ನವೇ ಗಿರಾಕಿಗೆ ತೋರಿಸಿದ ಉಪಾಯ ಹೊಸತನವನ್ನು ಕಳೆದುಕೊಳ್ಳಬಹುದು. ಅರ್ಜಿಯಾದರೋ ಹಿಂದಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿಯೇ ಇರಬೇಕು. ವ್ಯಕ್ತಿಗತ ಅರ್ಜಿದಾರನಿಗೆ ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗೆ 8,000 ಎಂಬ ಭೇದವೇನೋ ಉಂಟು. ಆದರೆ ಭಾರವಿರುವುದು ಶುಲ್ಕದಲ್ಲಲ್ಲ, ವಿವರಣೆಯನ್ನು ಬರೆದುಕೊಡುವ ಏಜೆಂಟರ ಸಂಭಾವನೆಯಲ್ಲಿ. 1856ರ ಮೊದಲ ಕಾಯಿದೆಯಡಿ ಮೊದಲ ಹಕ್ಕನ್ನು ಬೇಡಿದ, ಪಂಖ ಎಳೆಯುವ ಯಂತ್ರವನ್ನು ಕಲ್ಪಿಸಿದ ಕಲ್ಕತ್ತೆಯ ಡಿ ಪೆನ್ನಿಂಗ್ ತಾನೇ ಎಂಜಿನಿಯರನಾಗಿದ್ದನು. 2000ದಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ಹಳ್ಳಿಯ ಕಲ್ಪಕರಿಂದ ಹಣ ಪಡೆಯದೆ ಅವರ ಪರವಾಗಿ ಪೇಟೆಂಟ್ ಅರ್ಜಿಗಳನ್ನು ಸಲ್ಲಿಸಿ ದಾರಿ ತೋರಿತು. 2016ರ ಕೇಂದ್ರ ಯೋಜನೆಯು ಸ್ಟಾರ್ಟಪ್ಪುಗಳ ಏಜೆಂಟರಿಗೆ ಸರ್ಕಾರವೇ ಸಂಭಾವನೆ ಕೊಡುವುದೆಂದಿತು. ಆದರೆ ಸ್ಟಾರ್ಟಪ್ಪೆಂಬ ಮನ್ನಣೆಗೆ ಕಂಪನಿಯೋ ನೋಂದಾಯಿತ ಪಾಲುದಾರಿಕೆಯೋ ಆಗಿರಬೇಕಾಗಿದ್ದುದರಿಂದ ಏಕಮಾಲಿಕತ್ವದ ಗಾಳಾದವನು ಇಲ್ಲಿಯೂ ಹೊಸ್ತಿಲಿನಾಚೆಯೇ ನಿಂತನು.

ಕಾನೂನು ಅವನ ಕಡೆಗೆ ನಿಜವಾಗಿ ವಾಲಿದ್ದು ಒಂದು ವಿಷಯದಲ್ಲಿ, ಬಾಕಿಯ ವಸೂಲಿಯಲ್ಲಿ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯು, ಕೊಂಡವನು ಕರಾರಿದ್ದರೂ 45 ದಿನಗಳನ್ನು ಮೀರದೆ ಹಣ ಸಲ್ಲಿಸಬೇಕೆಂದೂ, ತಪ್ಪಿದರೆ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ತೆರಬೇಕೆಂದೂ, ದೂರನ್ನು ಸೌಕರ್ಯ ಮಂಡಳಿಯ ಮುಂದೆ ಒಯ್ಯಬಹುದೆಂದೂ, ಆ ತೀರ್ಪನ್ನು ಪ್ರಶ್ನಿಸುವವನು ಮೊದಲು ಮುಕ್ಕಾಲು ಪಾಲು ಹಣವನ್ನು ಠೇವಣಿಯಿಡಬೇಕೆಂದೂ ವಿಧಿಸಿತು. ಬಡತನವನ್ನು ಅಳೆಯಹೋಗದೆ ಬಲಾಬಲವನ್ನು ಅಳೆದುದೇ ಇದರ ಹೆಚ್ಚುಗಾರಿಕೆ.

ಈ ಅಳತೆಗೋಲು ಉಳಿದ ವಿಷಯಗಳಿಗೂ ಸಲ್ಲತಕ್ಕದ್ದು. 1987ರ ಕಾಯಿದೆಯೇ ಕಾನೂನು ಸೇವೆಯೆಂಬುದರೊಳಗೆ ಯಾವುದೇ ಕಾನೂನು ವಿಷಯದ ಸಲಹೆಯನ್ನೂ ಸೇರಿಸಿರುವುದರಿಂದ, ಥಾಣೆಯ ಜಿಲ್ಲಾ ಪ್ರಾಧಿಕಾರವೂ ಅದರ ಕೆಳಗಿನ ತಾಲ್ಲೂಕು ಸಮಿತಿಗಳೂ ವ್ಯಾಜ್ಯ ಹುಟ್ಟುವವರೆಗೆ ಕಾಯದೆ, ಕರಾರು ಬರೆಯುವಾಗಲೂ ಚಿಹ್ನೆಗೆ ಅರ್ಜಿ ಹಾಕುವಾಗಲೂ ಅರ್ಹರಿಗೆ ನೆರವಾಗುವುದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ. ಅರ್ಹತೆಯ ಪಟ್ಟಿಯಲ್ಲಿ ಕಾರ್ಮಿಕನ ಪಕ್ಕದಲ್ಲಿ ಸ್ವಂತ ಕೈಯಿಂದ ದುಡಿಯುವ ಒಡೆಯನಿಗೂ ಒಂದು ಸಾಲು ದೊರೆತಲ್ಲದೆ ಈ ಚರಿತ್ರೆ ಪೂರ್ಣವಾಗದು. ಅಲ್ಲಿಯವರೆಗೆ ಸಂಘಗಳ ವಕೀಲರು ದಾಕ್ಷಿಣ್ಯಕ್ಕಾಗಿ ಮಾಡುತ್ತ ಬಂದ ಕೆಲಸವನ್ನು ಪರಿಚಯವಿಲ್ಲದವನಿಗೂ ಮಾಡಿಕೊಡುವ ಕ್ರಮಕ್ಕೆ ತರುವುದು ಅವರ ಕೈಯಲ್ಲಿಯೇ ಇದೆ.