ಋತುನಿವೃತ್ತಿಯ ಅನುಭವಭೇದ: ಒಂದು ಚಾರಿತ್ರಿಕ ವಿವೇಚನೆ

ಜನನ, ಯೌವನ, ಮುಪ್ಪು, ಮರಣಗಳು ಎಲ್ಲ ಕಾಲದ ಎಲ್ಲ ಜನರಿಗೂ ಸಮಾನವಾದುವು. ಆದುದರಿಂದ ಅವುಗಳಿಗೆ ಚರಿತ್ರೆಯೆಂಬುದಿಲ್ಲ ಎಂಬ ಭಾವನೆ ಚರಿತ್ರಕಾರರಲ್ಲಿಯೂ ಬಹುಕಾಲ ಬೇರೂರಿದ್ದಿತು. ಸ್ತ್ರೀಯ ಜೀವಮಾನದಲ್ಲಿ ಮುಟ್ಟು ನಿಲ್ಲುವ ಘಟ್ಟವನ್ನು ಪರಿಶೀಲಿಸಿದರೆ ಈ ಭಾವನೆ ಎಷ್ಟು ಅಪೂರ್ಣವಾದುದೆಂಬುದು ಸ್ಪಷ್ಟವಾಗುತ್ತದೆ. ಒಂದೇ ಊರಿನ, ಒಂದೇ ವಯಸ್ಸಿನ ಇಬ್ಬರು ಸ್ತ್ರೀಯರಲ್ಲಿ ಒಬ್ಬಳು ಈ ಘಟ್ಟವನ್ನು ದಾಟಿದುದನ್ನು ಅರಿಯದೆಯೇ ದಾಟುತ್ತಾಳೆ. ಮತ್ತೊಬ್ಬಳು ವರ್ಷಗಟ್ಟಲೆ ನಿದ್ರೆಗೆಟ್ಟು ಬೇಯುತ್ತಾಳೆ. ಜನಾಂಗ ಜನಾಂಗಗಳ ನಡುವೆಯೂ ಇಂಥದೇ ಅಂತರ ಕಂಡುಬಂದಿದೆ. ಈ ಭೇದಕ್ಕೆ ಕಾರಣವೇನು, ಮತ್ತು ಅದನ್ನು ದಾಖಲೆಗಳಿಂದ ಅರಿಯುವಾಗ ನಾವು ವಹಿಸಬೇಕಾದ ಎಚ್ಚರವೇನು ಎಂಬುದನ್ನು ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶರೀರಧರ್ಮವನ್ನು ಸಂಗ್ರಹವಾಗಿ ನೋಡೋಣ. ಅಂಡಾಶಯಗಳಲ್ಲಿನ ಅಂಡಕೋಶಗಳು ಮುಗಿಯುತ್ತ ಬಂದಂತೆ ಈಸ್ಟ್ರೋಜನ್ ಎಂಬ ಹಾರ್ಮೋನಿನ ಉತ್ಪತ್ತಿ ಏರಿಳಿದು, ಕೊನೆಗೆ ಬಹಳ ಕುಗ್ಗುತ್ತದೆ. ಹನ್ನೆರಡು ತಿಂಗಳು ಎಡೆಬಿಡದೆ ಮುಟ್ಟು ಕಾಣದಿದ್ದರೆ ಋತುನಿವೃತ್ತಿಯಾಯಿತೆಂದು ವೈದ್ಯರು ನಿರ್ಣಯಿಸುತ್ತಾರೆ. ಮಿದುಳಿನಲ್ಲಿ ದೇಹದ ಶಾಖವನ್ನು ನಿಯಂತ್ರಿಸುವ ಭಾಗವು ಈ ಬದಲಾವಣೆಯಿಂದ ಕದಡಿದಾಗ ಎದೆ, ಕುತ್ತಿಗೆ, ಮುಖಗಳಿಗೆ ಹಠಾತ್ತಾಗಿ ಬಿಸಿಯೇರಿ ಬೆವರೊಡೆಯುತ್ತದೆ. ಇದನ್ನು ಮುಂದೆ ‘ಉಷ್ಣೋದ್ರೇಕ’ವೆಂದು ಕರೆಯೋಣ. ಅಂಡಾಶಯಗಳ ಈ ಕ್ಷಯ ಎಲ್ಲ ಸ್ತ್ರೀಯರಿಗೂ ಸಮಾನವಾದುದು. ಆದರೆ ಅದರ ವಯಸ್ಸು, ವೇಗ, ಫಲಗಳು ಸಮಾನವಲ್ಲ. ಅನುವಂಶೀಯತೆ, ಪೋಷಣೆ, ಧೂಮಪಾನ, ದೇಹದ ತೂಕ, ಶಸ್ತ್ರಚಿಕಿತ್ಸೆ, ಇವೆಲ್ಲವೂ ಅಲ್ಲಿ ಕೆಲಸ ಮಾಡುತ್ತವೆ.

ಪ್ರಾಚೀನರು ಈ ಘಟನೆಯನ್ನು ಅರಿಯದವರಾಗಿರಲಿಲ್ಲ. ಹೆಚ್ಚಿನ ಸ್ತ್ರೀಯರಲ್ಲಿ ನಲವತ್ತರ ಸುಮಾರಿಗೆ ಮುಟ್ಟು ನಿಲ್ಲುವುದೆಂದೂ ಕೆಲವರಲ್ಲಿ ಐವತ್ತರವರೆಗೆ ಮುಂದುವರಿಯುವುದೆಂದೂ ಅರಿಸ್ಟಾಟಲನು ಹೇಳಿದ್ದಾನೆ. ಎಫೆಸಸ್‌ನ ವೈದ್ಯ ಸೊರಾನಸನು ನಲವತ್ತರಿಂದ ಐವತ್ತರ ಅವಧಿಯನ್ನು ಸೂಚಿಸಿದ್ದಾನೆ. ಮುಟ್ಟು ಹನ್ನೆರಡನೆಯ ವಯಸ್ಸಿನಲ್ಲಿ ಮೊದಲಾಗಿ ಐವತ್ತರಲ್ಲಿ ಕ್ಷಯಿಸುವುದೆಂಬುದು ಸುಶ್ರುತ ಸಂಹಿತೆಯ ಮತ. ಈ ಗ್ರಂಥಗಳಲ್ಲಿ ಮುಟ್ಟು ನಿಲ್ಲುವುದು ವಯೋಧರ್ಮವೇ ಹೊರತು ಪ್ರತ್ಯೇಕವಾದೊಂದು ವ್ಯಾಧಿಯಲ್ಲ. ಇದರಿಂದ ಅಂದಿನ ಸ್ತ್ರೀಯರಿಗೆ ಯಾವ ಸಂಕಟವೂ ಇರಲಿಲ್ಲವೆಂದು ತೀರ್ಮಾನಿಸುವುದು ಮಾತ್ರ ಅವಸರದ ಮಾತಾದೀತು. ಬರೆದವರು ಪುರುಷರು, ಅವರ ಲಕ್ಷ್ಯವೆಲ್ಲ ಸಂತಾನಶಕ್ತಿಯ ಆದ್ಯಂತಗಳ ಮೇಲೆ ನೆಟ್ಟಿದ್ದಿತು. ಹೆರುವ ಕಾಲ ಕಳೆದ ಹೆಣ್ಣು ಇರುಳಿನಲ್ಲಿ ಬೆವೆತು ಎದ್ದು ಕುಳಿತಳೇ ಇಲ್ಲವೇ ಎಂಬುದು ಅವರು ಕೇಳಿದ ಪ್ರಶ್ನೆಯಲ್ಲ.

ಯೂರೋಪಿನಲ್ಲಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಪರಿಸ್ಥಿತಿ ಬದಲಾಯಿತು. 1776ರಲ್ಲಿ ಈ ವಿಷಯವಾಗಿ ಬರೆದ ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್, ಪರಂಪರೆಯಿಂದ ಬಂದ ಅಸಂಬದ್ಧ ನಂಬಿಕೆಗಳು ಅನೇಕ ಸ್ತ್ರೀಯರ ಬಾಳನ್ನು ವೃಥಾ ಕಹಿಮಾಡಿವೆಯೆಂದು ಆಗಲೇ ಗುರುತಿಸಿದ್ದನು. ಆದರೆ ವೈದ್ಯಶಾಸ್ತ್ರದ ಒಲವು ಬೇರೆ ದಿಕ್ಕಿಗೆ ಸಾಗಿತು. ಫ್ರಾನ್ಸಿನ ಗಾರ್ದಾನ್ 1816ರಲ್ಲಿ ಈ ಘಟ್ಟಕ್ಕೊಂದು ಗ್ರೀಕ್ ಮೂಲದ ಹೆಸರನ್ನು ಕಟ್ಟಿ, 1821ರಲ್ಲಿ ಅದನ್ನು ‘ಮೆನೊಪಾಸ್’ ಎಂದು ತಿದ್ದಿದನು. ಇಂದು ಜಗತ್ತೆಲ್ಲ ಬಳಸುವ ‘ಮೆನೊಪಾಸ್’ ಎಂಬ ಶಬ್ದಕ್ಕೆ ಇನ್ನೂರು ವರ್ಷಗಳಿಗಿಂತ ಸ್ವಲ್ಪವೇ ಹೆಚ್ಚು ವಯಸ್ಸಾಗಿದೆಯೆಂಬುದು ಗಮನಾರ್ಹ. 1857ರಲ್ಲಿ ಎಡ್ವರ್ಡ್ ಟಿಲ್ಟ್ ಎಂಬ ಆಂಗ್ಲ ವೈದ್ಯನು ಪ್ರಕಟಿಸಿದ ಗ್ರಂಥವು ನರಗಳ ದೌರ್ಬಲ್ಯದಿಂದ ಮೊದಲ್ಗೊಂಡು ಹತ್ತಾರು ಬಾಧೆಗಳನ್ನು ಇದಕ್ಕೆ ಗಂಟುಹಾಕಿತು. ವೈದ್ಯನ ಬಳಿಗೆ ಬರುವವರು ನೊಂದವರೇ, ನೋಯದವರು ಬರುವುದಿಲ್ಲ. ನೊಂದವರ ಪಟ್ಟಿಯೇ ಸಮಸ್ತ ಸ್ತ್ರೀಕುಲದ ಲಕ್ಷಣವೆಂದು ಪರಿಗಣಿತವಾದುದು ಈ ಸಾಹಿತ್ಯದ ಮುಖ್ಯ ದೋಷ.

ಇಪ್ಪತ್ತನೆಯ ಶತಮಾನದಲ್ಲಿ ಹಾರ್ಮೋನುಗಳ ಶೋಧನೆ ಈ ದೃಷ್ಟಿಗೆ ಹೊಸ ಬಲವನ್ನು ಕೊಟ್ಟಿತು. 1929ರಲ್ಲಿ ಡೋಯ್ಸಿ ಮತ್ತು ಬ್ಯುಟೆನಾಂಟ್ ಬೇರೆ ಬೇರೆಯಾಗಿ ಈಸ್ಟ್ರೋನನ್ನು ಶುದ್ಧರೂಪದಲ್ಲಿ ಪಡೆದರು. 1942ರಲ್ಲಿ ಗರ್ಭಿಣಿ ಕುದುರೆಗಳ ಮೂತ್ರದಿಂದ ತಯಾರಿಸಿದ ಪ್ರೆಮರಿನ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯನು, ಋತುನಿವೃತ್ತಿಯೆಂಬುದು ಹಾರ್ಮೋನಿನ ಕೊರತೆಯಿಂದಾದ ರೋಗವೆಂದೂ ಔಷಧ ಸೇವಿಸಿದರೆ ಸ್ತ್ರೀತ್ವ ನಿತ್ಯವೆಂದೂ ಸಾರುವ ಪುಸ್ತಕವನ್ನು ಪ್ರಕಟಿಸಿ ಪ್ರಸಿದ್ಧನಾದನು. 2002ರಲ್ಲಿ 16,608 ಸ್ತ್ರೀಯರ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ಸಂಯುಕ್ತ ಹಾರ್ಮೋನ್ ಪ್ರಯೋಗವನ್ನು ಸ್ತನಕ್ಯಾನ್ಸರ್ ಮೊದಲಾದ ಅಪಾಯಗಳ ಕಾರಣ ಅರ್ಧದಲ್ಲಿಯೇ ನಿಲ್ಲಿಸಲಾಯಿತು. ಆ ಸ್ತ್ರೀಯರ ಸರಾಸರಿ ವಯಸ್ಸು ಅರವತ್ತನ್ನು ಮೀರಿದ್ದಿತೆಂದೂ, ಮುಟ್ಟು ನಿಂತ ಹೊಸತರಲ್ಲಿ ಚಿಕಿತ್ಸೆ ಆರಂಭಿಸುವವರಿಗೆ ಅಪಾಯ ಕಡಿಮೆಯೆಂದೂ ಅನಂತರದ ವಿಮರ್ಶೆಯಿಂದ ತಿಳಿದುಬಂದಿತು. ಎಲ್ಲರೂ ಸೇವಿಸಬೇಕೆಂಬ ಉತ್ಸಾಹ, ಯಾರೂ ಸೇವಿಸಬಾರದೆಂಬ ಭೀತಿ, ಎರಡರಲ್ಲಿಯೂ ಸ್ತ್ರೀಯರನ್ನೆಲ್ಲ ಒಂದೇ ಎಂದೆಣಿಸಿದ ತಪ್ಪಿದ್ದಿತು.

ಇಷ್ಟರಲ್ಲಿ ಮಾನವಶಾಸ್ತ್ರಜ್ಞರು ಆಸ್ಪತ್ರೆಗಳ ಹೊರಗೆ ವಿಚಾರಿಸತೊಡಗಿದ್ದರು. 1975ರಲ್ಲಿ ಮಾರ್ಷಾ ಫ್ಲಿಂಟ್, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳ 483 ರಜಪೂತ ಸ್ತ್ರೀಯರ ಅಧ್ಯಯನವನ್ನು ಪ್ರಕಟಿಸಿದರು. ಮುಟ್ಟಿನ ಕ್ರಮ ಬದಲಾದುದನ್ನು ಬಿಟ್ಟರೆ ಬೇರೆ ತೊಂದರೆ ಹೇಳಿದವರು ಅವರಲ್ಲಿ ಬಹಳ ವಿರಳ. ಮುಟ್ಟು ನಿಂತ ಮೇಲೆ ಪರದೆಯ ಕಟ್ಟು ಸಡಿಲಿ, ಗಂಡಸರ ಮಾತುಕತೆಯಲ್ಲಿ ಸೇರುವ ಸ್ವಾತಂತ್ರ್ಯ ದೊರೆಯುತ್ತಿದ್ದುದೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು. ಎಲ್ಲಿ ಈ ಘಟ್ಟ ಬಹುಮಾನವೋ ಅಲ್ಲಿ ಬಾಧೆಯಿಲ್ಲ, ಎಲ್ಲಿ ದಂಡವೋ ಅಲ್ಲಿ ಬಾಧೆಯುಂಟು ಎಂಬುದು ಅವರ ವಾದದ ಸಾರ. ಯೌಬ್ದಾರ್ ಬೆಯೆನೆ ಎಂಬ ವಿದುಷಿ ಮೆಕ್ಸಿಕೋದ ಯುಕಟಾನಿನ ಮಾಯಾ ಸ್ತ್ರೀಯರನ್ನೂ ಗ್ರೀಸಿನ ಎವಿಯಾ ದ್ವೀಪದ ಹಳ್ಳಿಯ ಸ್ತ್ರೀಯರನ್ನೂ ಹೋಲಿಸಿದರು. ಮಾಯಾ ಸ್ತ್ರೀಯರು ಉಷ್ಣೋದ್ರೇಕವನ್ನು ಹೇಳಲೇ ಇಲ್ಲ. ಗ್ರೀಕ್ ಸ್ತ್ರೀಯರು ಹೇಳಿದರು, ಆದರೆ ಅದನ್ನು ರೋಗವೆಂದು ಎಣಿಸಿರಲಿಲ್ಲ. 1993ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಾಯಾ ಸ್ತ್ರೀಯರ ಹಾರ್ಮೋನುಗಳ ಬದಲಾವಣೆ ಅಮೆರಿಕದ ಸ್ತ್ರೀಯರದರಂತೆಯೇ ಇದ್ದುದು ಕಂಡುಬಂದಿತು. ಹಾರ್ಮೋನಿನ ಇಳಿತ ಒಂದೇ, ಅನುಭವ ಬೇರೆ.

ಅದೇ 1993ರಲ್ಲಿ ಮಾರ್ಗರೆಟ್ ಲಾಕ್, ಜಪಾನಿನ ಸಾವಿರಕ್ಕೂ ಹೆಚ್ಚು ಸ್ತ್ರೀಯರನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದರು. ಕಳೆದ ಎರಡು ವಾರಗಳಲ್ಲಿ ಉಷ್ಣೋದ್ರೇಕವಾಗಿದ್ದಿತೆಂದವರು ಜಪಾನಿನಲ್ಲಿ ನೂರಕ್ಕೆ ಸುಮಾರು 12. ಕೆನಡಾದ ಮ್ಯಾನಿಟೋಬಾದಲ್ಲಿ 31. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 35. ಜಪಾನಿನ ಸ್ತ್ರೀಯರು ಹೆಚ್ಚಾಗಿ ಹೇಳಿಕೊಂಡುದು ಭುಜಗಳ ಬಿಗಿತ ಮತ್ತು ತಲೆನೋವುಗಳನ್ನು. ಅವರು ಬಳಸುವ ‘ಕೋನೆಂಕಿ’ ಎಂಬ ಶಬ್ದವೂ ಮುಟ್ಟು ನಿಲ್ಲುವುದನ್ನಷ್ಟೇ ಅಲ್ಲ, ನಡುವಯಸ್ಸಿನ ದೀರ್ಘವಾದ ತಿರುವನ್ನೆಲ್ಲ ಒಳಗೊಳ್ಳುತ್ತದೆ. ಶರೀರ ಮತ್ತು ಸಂಸ್ಕೃತಿ ಪರಸ್ಪರ ಹೆಣೆದುಕೊಂಡಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಅರಿಯಲಾಗದೆಂಬುದು ಲಾಕ್ ಅವರ ನಿರ್ಣಯ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉಷ್ಣೋದ್ರೇಕಕ್ಕೆ ಜಪಾನಿ ಭಾಷೆಯಲ್ಲಿ ಒಂದಕ್ಕಿಂತ ಹೆಚ್ಚು ಶಬ್ದಗಳಿವೆ. ಎಲ್ಲ ಶಬ್ದಗಳನ್ನೂ ಬಳಸಿ ಕೇಳಿದ ಮುಂದಿನ ಸಂಶೋಧಕರಿಗೆ ‘ಹೌದು’ ಎಂಬ ಉತ್ತರ ಹೆಚ್ಚಾಗಿ ದೊರೆಯಿತು. ಅಂತರ ಅಳಿಯಲಿಲ್ಲ, ಆದರೆ ಕಿರಿದಾಯಿತು. ಉತ್ತರದ ಒಂದಂಶ ಪ್ರಶ್ನೆಯಲ್ಲಿಯೇ ಅಡಗಿರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಒಂದೇ ದೇಶದಲ್ಲಿ, ಒಂದೇ ಪ್ರಶ್ನಾವಳಿಯಿಂದ, ವರ್ಷಗಳ ಕಾಲ ಅನುಸರಿಸಿ ನೋಡಿದಾಗಲೂ ಭೇದ ಉಳಿಯುತ್ತದೆ. ಅಮೆರಿಕದಲ್ಲಿ ಐದು ಜನವರ್ಗಗಳ ಸ್ತ್ರೀಯರನ್ನು ಕುರಿತು 1990ರ ದಶಕದಲ್ಲಿ ಆರಂಭವಾದ ಅಧ್ಯಯನದ 2015ರ ವರದಿಯಂತೆ, ಉಷ್ಣೋದ್ರೇಕ ಮತ್ತು ಇರುಳಿನ ಬೆವರು ಮುಂದುವರಿದ ಅವಧಿಯ ಮಧ್ಯಮಾನ 7.4 ವರ್ಷ, ಕಪ್ಪು ಜನರಲ್ಲಿ 10.1; ಜಪಾನಿ ಮೂಲದವರಲ್ಲಿ 4.8. ಮನಸ್ಸಿನ ಒತ್ತಡ ಹೆಚ್ಚಾಗಿದ್ದವರಲ್ಲಿ ಅವಧಿ ದೀರ್ಘವಾಗಿದ್ದಿತು. ಬಡತನ, ಅವಮಾನ, ಆತಂಕಗಳು ಶರೀರದಲ್ಲಿಯೇ ನೆಲಸುತ್ತವೆ ಎಂದು ಶಂಕಿಸಲು ಇದು ಆಸ್ಪದವೀಯುತ್ತದೆ.

ನಮ್ಮ ನಾಡಿನತ್ತ ತಿರುಗಿದರೆ ಭಾಷೆಯೇ ಮೊದಲ ಸಾಕ್ಷಿ. ಕನ್ನಡದ ‘ಮುಟ್ಟು’ ಎಂಬ ಮಾತು ರಕ್ತಸ್ರಾವವನ್ನಲ್ಲ, ಸ್ಪರ್ಶನಿಷೇಧವನ್ನು ಹೇಳುತ್ತದೆ. ಅದು ನಿಂತಿತೆಂದರೆ ಹೊರಗೆ ಕೂರುವುದು ತಪ್ಪಿ, ಅಡುಗೆಮನೆ, ದೇವರಮನೆ, ವ್ರತಗಳು ತಿಂಗಳುದ್ದಕ್ಕೂ ತೆರೆದುಕೊಂಡವೆಂದು ಅರ್ಥ. ಮನೆಯ ಹಿರಿಯ ಹೆಂಗಸರನ್ನು ಕೇಳಿದರೆ ‘ನಿಂತುಹೋಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದರಲ್ಲಿ ಬಿಡುಗಡೆಯ ಧ್ವನಿಯೂ ಇರುವುದುಂಟು. ಫ್ಲಿಂಟ್ ಅವರ ಮಾತು ಇಲ್ಲಿಗೂ ಒಪ್ಪುವಂತೆ ತೋರುತ್ತದೆ. ಆದರೆ ಬಿಡುಗಡೆಗಾಗಿ ತೆರಬೇಕಾದ ಬೆಲೆಯನ್ನು ಮರೆಯಲಾಗದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಮೂರು ವರ್ಷಗಳಲ್ಲಿ 4,605 ಗರ್ಭಕೋಶ ಶಸ್ತ್ರಚಿಕಿತ್ಸೆಗಳಾದುವೆಂದು 2019ರಲ್ಲಿ ಅಲ್ಲಿನ ವಿಧಾನಮಂಡಲಕ್ಕೆ ತಿಳಿಸಲಾಯಿತು. ಕಬ್ಬು ಕಡಿಯುವ ಹೆಂಗಸರು ಮುಟ್ಟಿನ ದಿನಗಳ ಕೂಲಿನಷ್ಟವನ್ನು ತಪ್ಪಿಸಿಕೊಳ್ಳಲು ಇದಕ್ಕೆ ಒಳಗಾಗುತ್ತಿದ್ದರೆಂಬ ವರದಿಗಳು ಬಂದುವು. ಕಲಬುರಗಿ ಜಿಲ್ಲೆಯ ಲಂಬಾಣಿ ಸ್ತ್ರೀಯರ ವಿಷಯದಲ್ಲಿಯೂ 2015ರ ಸುಮಾರಿಗೆ ಅನಗತ್ಯ ಶಸ್ತ್ರಚಿಕಿತ್ಸೆಗಳ ದೂರುಗಳೆದ್ದುವು. ಇಂಥವನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ರಾಜ್ಯಗಳಿಗೆ ಆದೇಶವಿತ್ತಿತು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಋತುನಿವೃತ್ತಿ ಒಂದೇ ದಿನದಲ್ಲಿ ಬಂದೆರಗುತ್ತದೆ; ಬಾಧೆಯೂ ಉಗ್ರವಾಗುತ್ತದೆ; ಎಲುಬುಗಳು ಬೇಗ ಸವೆಯುತ್ತವೆ. ಮೂವತ್ತರ ಹರೆಯದಲ್ಲಿ ಹೀಗೆ ‘ನಿಂತುಹೋದ’ ಕೂಲಿ ಹೆಂಗಸೂ ಐವತ್ತರಲ್ಲಿ ತಾನಾಗಿ ನಿಂತ ಗೃಹಿಣಿಯೂ ಒಂದೇ ಮಾತನ್ನಾಡುತ್ತಾರೆ. ಎರಡೂ ಒಂದೇ ಅನುಭವವೆಂದು ಬರೆದುಕೊಳ್ಳುವವನು ಸತ್ಯವನ್ನು ಕಳೆದುಕೊಳ್ಳುತ್ತಾನೆ.

ಈವರೆಗಿನ ವಿವೇಚನೆಯಿಂದ, ಅನುಭವಭೇದಕ್ಕೆ ಮೂರು ಮೂಲಗಳುಂಟೆಂದು ಹೇಳಬಹುದು: ಶರೀರಗಳು ನಿಜವಾಗಿ ಭಿನ್ನವಾಗಿವೆ, ಶರೀರಗಳು ಬಾಳಿದ ಬಾಳು ಭಿನ್ನವಾಗಿದೆ, ಬಾಳನ್ನು ಹೇಳುವ ಮಾತು ಮತ್ತು ಕೇಳುವ ಕಿವಿ ಭಿನ್ನವಾಗಿವೆ. ಮೊದಲನೆಯದು ವೈದ್ಯರ ಕ್ಷೇತ್ರ, ಉಳಿದೆರಡು ನಮ್ಮವು. ನಮ್ಮ ಜಿಲ್ಲೆಗಳ ಅರವತ್ತು ಎಪ್ಪತ್ತು ವಯಸ್ಸಿನ ಸ್ತ್ರೀಯರ ಹೇಳಿಕೆಗಳನ್ನು ಅವರವರ ಮಾತಿನಲ್ಲಿಯೇ, ಅವರ ಒಪ್ಪಿಗೆಯಿಂದ, ಅವಸರಪಡಿಸದೆ ಬರೆದಿಟ್ಟುಕೊಳ್ಳುವುದು ಚರಿತ್ರೆಯ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕಾರ್ಯ. ‘ನಿಂತುಹೋಯಿತು’ ಎಂಬ ಉತ್ತರ ಬಂದಾಗ, ಎಂದು ನಿಂತಿತು, ತಾನಾಗಿ ನಿಂತಿತೋ ನಿಲ್ಲಿಸಲಾಯಿತೋ, ಮರುದಿನ ಕೆಲಸಕ್ಕೆ ಹೋದಿರೋ ಎಂದು ಕೇಳುವವರು ಬೇಕು. ಶಾಸನಗಳಂತೆ ಈ ಸಾಕ್ಷ್ಯ ಕಲ್ಲಿನಲ್ಲಿ ಉಳಿಯುವುದಿಲ್ಲ, ಹೇಳುವವರೊಡನೆಯೇ ಅಳಿದುಹೋಗುತ್ತದೆ.